ಸದ್ದಿಲ್ಲದ ಕಂಪ್ರೆಸರ್

ಐರೋಲಿಯ ಐದನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಜಯಲತಾಳಿಗೆ ಈಗ ಹೇಳಿಕೊಳ್ಳುವಂಥ ಕೆಲಸವಿಲ್ಲ. ಮಗಳು ಮಾನಸಿ ಬೆಳಿಗ್ಗೆ ಬೇಲಾಪುರದ ಆಫೀಸಿಗೆ ಹೊರಟಳೆಂದರೆ ಮನೆಯಲ್ಲಿ ಇವಳೊಬ್ಬಳೇ. ಬಾಲ್ಕನಿಯಲ್ಲಿ ನಿಂತರೆ ಖಾಡಿಯ, ಅಂದರೆ ಊರೊಳಗೆ ನುಗ್ಗಿದ ಸಮುದ್ರದ ಹಿನ್ನೀರಿನ, ಸೇತುವೆ ಕಾಣುತ್ತದೆ, ಸೇತುವೆಯಾಚೆ ಮುಲುಂಡ್, ಬಲಗಡೆಗೆ ದೂರದಲ್ಲಿ ಠಾಣೆ. ಆ ಠಾಣೆಯಲ್ಲಿ ವಾಗ್ಳೆ ಎಸ್ಟೇಟ್ ಇದೆ. ಇದೆ ಎಂದರೆ ಹೆಸರು ಇದೆ. ತಗಡಿನ ಮಾಡಿನ ಕಾರ್ಖಾನೆಗಳಿದ್ದ ಕಡೆಯೆಲ್ಲ ಗಾಜಿನ ಕಟ್ಟಡಗಳು ಎದ್ದಿವೆ, ಕೊರಳಿಗೆ ಐಡಿ ಕಾರ್ಡಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಅಲ್ಲಿ ಕಾಫಿ ಕುಡಿಯುತ್ತಾರೆ. ಕುಡಿಯಲಿ ಪಾಪ. ಆದರೆ ಆ ನೆಲದಲ್ಲಿ ತನ್ನ ಗಂಡನ ಇಪ್ಪತ್ತು ವರ್ಷ ಹೂತುಹೋಗಿದೆ ಎಂದು ಅವರಿಗೆ ಹೇಳುವವರು ಯಾರು?

ಗಂಡ ಕಮಲಾಕ್ಷ ತೀರಿಕೊಂಡು ಮೂರು ವರ್ಷವಾಯಿತು. ಅವನನ್ನು ನೆನೆದರೆ ಜಯಲತಾಳಿಗೆ ಮೊದಲು ನೆನಪಾಗುವುದು ಮುಖವಲ್ಲ, ಒಂದು ಸದ್ದು. ಧಡ್ ಧಡ್ ಧಡ್ ಎಂದು ಇಡೀ ಗಲ್ಲಿಗೆ ಕೇಳುತ್ತಿದ್ದ, ಅವನ ಪಿಸ್ಟನ್ ಕಂಪ್ರೆಸರಿನ ಸದ್ದು.

ಉಡುಪಿ ಕಡೆಯ ಹುಡುಗರೆಲ್ಲ ಮಾಡುವ ಹಾಗೆ ಕಮಲಾಕ್ಷನೂ ಡೊಂಬಿವಲಿಯಲ್ಲಿದ್ದ ಸೋದರಮಾವನ ಹೋಟೆಲಿಗೆ ಬಂದವನು. ಲೋಟ ತೊಳೆದ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ, ಎರಡೂ ಹಿಡಿಸಲಿಲ್ಲ. ಹೋಟೆಲಿನ ಗ್ರೈಂಡರ್ ಕೆಟ್ಟಾಗ ಮಾತ್ರ ಅವನ ಮುಖ ಅರಳುತ್ತಿತ್ತಂತೆ. ಕಡೆಗೆ ವಾಗ್ಳೆ ಎಸ್ಟೇಟಿನಲ್ಲಿ ಒಂದು ಗಾಳಾ ಹಿಡಿದ. ಗಾಳಾ ಎಂದರೆ ಅಲ್ಲಿಯ ಮಾತಿನಲ್ಲಿ ಕಾರ್ಖಾನೆಯ ಕೋಣೆ. ಪೌಡರ್ ಕೋಟಿಂಗ್ ಕೆಲಸ: ಕರೆಂಟಿನ ಪ್ಯಾನಲ್ ಡಬ್ಬಿ, ಕುರ್ಚಿಯ ಕಾಲು, ಕಿಟಕಿಯ ಗ್ರಿಲ್ ಇಂಥವುಗಳ ಮೇಲೆ ಬಣ್ಣದ ಪುಡಿಯನ್ನು ಗಾಳಿಯಲ್ಲಿ ಊದುವುದು, ಆಮೇಲೆ ದೊಡ್ಡ ಓವನ್ನಿನಲ್ಲಿ ಬೇಯಿಸುವುದು. ಊದುವ ಗಾಳಿ ಬರುವುದು ಕಂಪ್ರೆಸರಿನಿಂದ. ಗಾಳಿ ನಿಂತರೆ ಗಾಳಾವೇ ನಿಂತ ಹಾಗೆ.

ಆ ಕಂಪ್ರೆಸರನ್ನು ಕಮಲಾಕ್ಷ ಸಾಕಿದ. ಬೇರೆ ಮಾತು ಇದಕ್ಕೆ ಸರಿಹೋಗುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ ಒಳಗೆ ಕಟ್ಟಿಕೊಂಡ ನೀರು ಬಿಡುವನು. ಆಯಿಲ್ ನೋಡುವನು, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುವನು. ಶುಕ್ರವಾರ ಎಸ್ಟೇಟಿಗೆಲ್ಲ ರಜೆ. ಬೇರೆಯವರು ಹೆಂಡತಿ ಮಕ್ಕಳನ್ನು ತಲಾವ್ ಪಾಳಿಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸುವ ಹೊತ್ತಿನಲ್ಲಿ ಇವನು ಕಂಪ್ರೆಸರ್ ಬಿಚ್ಚಿ ವಾಲ್ವ್ ಉಜ್ಜುತ್ತ ಕೂರುವನು.

“ನನ್ನ ಸವತಿ ಆರಾಮ ಇದ್ದಾಳಾ?” ಎಂದು ಜಯಲತಾ ಊಟ ಬಡಿಸುತ್ತ ಕೇಳುತ್ತಿದ್ದಳು.

“ನಾನಿಲ್ಲದಿದ್ರೆ ಅದು ಒಂದು ದಿನ ನಡೀಲಿಕ್ಕಿಲ್ಲ ಮಾರಾಯ್ತಿ,” ಎನ್ನುವನು ಅವನು. ಅದು ದೂರಲ್ಲ, ಜಂಬ. ಮನುಷ್ಯನಿಗೆ ತಾನಿಲ್ಲದೆ ನಡೆಯದ ಒಂದಾದರೂ ಸಂಗತಿ ಲೋಕದಲ್ಲಿ ಬೇಕು. ಅವನಿಗೆ ಅದು ಇತ್ತು.

ಎರಡು ಸಾವಿರದ ಏಳರಲ್ಲಿ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತೂ ಉಳಿಯಿತು. ಎಡಗೈ ಎಡಗಾಲು ಮಾತ್ರ ಅವನ ಮಾತು ಕೇಳುವುದನ್ನು ಬಿಟ್ಟವು. ಕೋಪರಿಯಲ್ಲಿ ಅವರ ಮನೆ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಆಸ್ಪತ್ರೆಯಿಂದ ತಂದು ಹತ್ತಿಸಿದ ಮೇಲೆ ಅವನನ್ನು ಇಳಿಸಲಾಗಲಿಲ್ಲ. ಗಾಳಾದ ಬೀಗದಕೈ ಜಯಲತಾಳ ಸೊಂಟಕ್ಕೆ ಬಂತು.

ಅಲ್ಲಿ ಅವಳಿಗೆ ಆಸರೆಯಾಗಿದ್ದವನು ಮಾಪಣ್ಣ. ಕಲಬುರಗಿ ಕಡೆಯವನು, ಸ್ಪ್ರೇ ಗನ್ ಹಿಡಿಯುವುದರಲ್ಲಿ ಪಳಗಿದ ಕೈ. ಆದರೆ ಕಂಪ್ರೆಸರನ್ನು ಕಮಲಾಕ್ಷ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲವಾದ್ದರಿಂದ ಅದರ ಮುಂದೆ ಮಾಪಣ್ಣನೂ ಒಂದೇ, ಜಯಲತಾಳೂ ಒಂದೇ. ಮೊದಲ ವಾರದಲ್ಲೇ ಅದು ಕೆಮ್ಮತೊಡಗಿತು. ಜಯಲತಾ ಹೆದರಿ ಗಂಡನಿಗೆ ಫೋನ್ ಮಾಡಿದಳು.

“ಫೋನ್ ಅದರ ಹತ್ರ ಹಿಡಿ,” ಎಂದ ಕಮಲಾಕ್ಷ.

ಹಿಡಿದಳು.

“ಇನ್ನೂ ಕೆಳಗೆ... ಬಲಗಡೆಗೆ... ಹಾಂ. ಸಣ್ಣ ವಾಲ್ವ್. ಪ್ಲೇಟ್ ಬಿರುಕು ಬಿಟ್ಟದ್ದು. ಕಪಾಟಿನ ಮೇಲಿನ ಡಬ್ಬಿಯಲ್ಲಿ ಹೊಸದು ಉಂಟು, ಮಾಪಣ್ಣನ ಕೈಯಲ್ಲಿ ಬಿಚ್ಚಿಸು.”

ಮಾಪಣ್ಣ ಬಿಚ್ಚಿದ. ಪ್ಲೇಟ್ ಬಿರುಕು ಬಿಟ್ಟಿತ್ತು. “ಸಾಹೇಬ್ರಿಗಿ ಅಲ್ಲಿಂದಾನೇ ಕಾಣಸ್ತದ ನೋಡ್ರಿ ಅಕ್ಕೋರ!” ಎಂದು ಅವನು ಮೂಗಿನ ಮೇಲೆ ಬೆರಳಿಟ್ಟ.

ಅಂದಿನಿಂದ ಇದೇ ರೂಢಿಯಾಯಿತು. ದಿನಾ ಬೆಳಿಗ್ಗೆ ಜಯಲತಾ ಫೋನನ್ನು ಕಂಪ್ರೆಸರಿಗೆ ಹಿಡಿಯುವುದು, ಮನೆಯಲ್ಲಿ ಮಂಚದ ಮೇಲೆ ಕಮಲಾಕ್ಷ ಕಣ್ಣು ಮುಚ್ಚಿ ಕೇಳುವುದು. ಮಿಷಿನ್ ಕೊರಗಿದ ದಿನ ಅವನು ಗೆಲುವಾಗಿರುತ್ತಿದ್ದ. ಆ ದಿನ ತಾನಾಗಿ ಕನ್ನಡಿ ಕೇಳಿ ಗಡ್ಡ ಹೆರೆದುಕೊಳ್ಳುವನು, ಕೈಕಾಲು ಆಡಿಸಲು ಕಲಿಸುವವಳು ಬಂದರೆ ಗೊಣಗದೆ ಆಡಿಸುವನು. ಮಿಷಿನ್ ನೆಟ್ಟಗಿದ್ದ ದಿನ ಮಗಳ ಮೇಲೆ ಸಿಡುಕು. ದೇವರಿಗೆ ದೀಪ ಹಚ್ಚುತ್ತ ಜಯಲತಾ ಗಂಡನ ಆರೋಗ್ಯ ಬೇಡಬೇಕೋ ಮಿಷಿನಿನ ಅನಾರೋಗ್ಯ ಬೇಡಬೇಕೋ ತಿಳಿಯದೆ ಕೈ ಮುಗಿದು ಸುಮ್ಮನೆ ಎದ್ದು ಬರುತ್ತಿದ್ದಳು.

ಎರಡು ವರ್ಷ ಹೀಗೆ ತಳ್ಳಿದರು. ಆದರೆ ಮುದಿ ಎತ್ತು ಎಷ್ಟು ದಿನ ಎಳೆದೀತು? ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯ ಜೊತೆ ನೀರನ್ನೂ ಆಯಿಲನ್ನೂ ಉಗುಳತೊಡಗಿತು. ಓವನ್ನಿನಿಂದ ಹೊರಬಂದ ಪ್ಯಾನಲ್ ಡಬ್ಬಿಗಳ ಮೈತುಂಬ ಮೊಡವೆಯೆದ್ದಂತೆ ಗುಳ್ಳೆ. ಒಂದು ಇಡೀ ಲಾಟ್ ಮರಳಿ ಬಂತು. ಹದಿನೈದು ವರ್ಷದಿಂದ ಕೆಲಸ ಕೊಡುತ್ತಿದ್ದ ಪ್ಯಾನಲ್ ಕಂಪನಿಯವರು ಮರಾಠಿಯಲ್ಲಿ ಮರ್ಯಾದೆಯಿಂದಲೇ ಹೇಳಿದರು: ವಹಿನಿ, ಅಂದರೆ ಅತ್ತಿಗೆ, ಇನ್ನೊಮ್ಮೆ ಹೀಗಾದರೆ ಮಾಲು ರಬಾಳೆಯ ಬೇರೆ ಗಾಳಾಕ್ಕೆ ಹೋಗುತ್ತದೆ.

ಆ ದಿನ ಷಟರ್ ಎಳೆದು ಜಯಲತಾ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ಮಿಷಿನನ್ನು ಉಳಿಸಿಕೊಂಡರೆ ಗಾಳಾ ಹೋಗುತ್ತದೆ. ಮಿಷಿನನ್ನು ಕಳಿಸಿದರೆ ಮನೆಯಲ್ಲಿ ಮಲಗಿರುವ ಮನುಷ್ಯ ಹೋಗುತ್ತಾನೆ. ಅತ್ತ ದರಿ ಇತ್ತ ಪುಲಿ ಎಂದು ಶಾಲೆಯಲ್ಲಿ ಓದಿದ್ದು ಅವಳಿಗೆ ಅರ್ಥವಾದದ್ದು ಆವತ್ತೇ. ಅಳು ಬಂತು, ಅತ್ತಳು, ಮೂಗು ಒರೆಸಿಕೊಂಡು ಎದ್ದಳು. ಗಾಳಾ ಹೋದರೆ ಔಷಧಿಯೂ ಇಲ್ಲ, ಮಾನಸಿಯ ಕಾಲೇಜೂ ಇಲ್ಲ. ಹೊಸ ಕಂಪ್ರೆಸರ್ ತರಲೇಬೇಕು. ತಂದರೆ ಎಂಥದು ತರಬೇಕೆಂದರೆ, ಫೋನ್ ಹಿಡಿಯುವ ಅಗತ್ಯವೇ ಬೀಳದಂಥದು. ಇದನ್ನು ಯೋಚಿಸುವಾಗಲೇ ಅವಳಿಗೆ ಕಳ್ಳತನ ಮಾಡಿದಂತೆ ಅನಿಸಿತು.

ಜಯಲತಾಳ ತಂದೆ ಕಲ್ಯಾಣದಲ್ಲಿ ಹೋಟೆಲ್ ನಡೆಸಿದವರು. ಅವರದೊಂದು ಮಾತಿತ್ತು: ಗ್ರೈಂಡರ್ ಕೊಳ್ಳುವಾಗ ಅಂಗಡಿಯವನನ್ನು ಕೇಳಬೇಡ, ಹೋಟೆಲ್ ಮಾಲೀಕನನ್ನೂ ಕೇಳಬೇಡ, ಹಿಟ್ಟು ಅರೆಯುವವನನ್ನು ಕೇಳು. ಅವಳು ಹಾಗೇ ಮಾಡಿದಳು. ಕಂಪನಿಯವರ ಬಣ್ಣದ ಕಾಗದಗಳನ್ನೆಲ್ಲ ಬದಿಗಿಟ್ಟು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ, ರಬಾಳೆ, ಅಂಬರನಾಥ ಎಂದು ಕೊಡೆ ಹಿಡಿದು ತಿರುಗಿದಳು. ಗುರುತಿನ ಗಾಳಾಗಳಲ್ಲಿ ಮಾಲೀಕರಿಗೆ ನಮಸ್ಕಾರ ಹೇಳಿ ನೆಟ್ಟಗೆ ಹಿತ್ತಲಿಗೆ ಹೋಗಿ, ಕಂಪ್ರೆಸರ್ ನೋಡಿಕೊಳ್ಳುವವನನ್ನು ಒಂದೇ ಪ್ರಶ್ನೆ ಕೇಳುವಳು. “ಇದನ್ನು ಕೊನೇ ಸಲ ಬಿಚ್ಚಿದ್ದು ಯಾವಾಗ?”

ಥಟ್ಟನೆ ಉತ್ತರ ಬಂದರೆ ಆ ಮಿಷಿನ್ ಬೇಡ. ಹೋದ ವಾರ, ಮೊನ್ನೆ, ಬೆಳಿಗ್ಗೆ ತಾನೇ ಎಂದವರ ಮಿಷಿನ್‌ಗಳೆಲ್ಲ ಪಿಸ್ಟನ್ ಜಾತಿಯವು. ಬಿಡುವಿಲ್ಲದೆ ದಿನವಿಡೀ ದುಡಿಸಿದರೆ ಅವು ಸುಸ್ತಾಗುತ್ತವೆ, ಎರಡು ಗಳಿಗೆ ದಣಿವಾರಿಸಿಕೊಳ್ಳಲು ಬಿಡಬೇಕು. ರಬಾಳೆಯ ಒಂದು ಕಡೆ ಮಾತ್ರ ನೋಡಿಕೊಳ್ಳುವವನು ತಲೆ ಕೆರೆದುಕೊಂಡ. ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ್ದು ಬಿಟ್ಟರೆ ಬಿಚ್ಚಿದ ನೆನಪೇ ಅವನಿಗಿರಲಿಲ್ಲ. ಅದು ಸ್ಕ್ರೂ ಕಂಪ್ರೆಸರ್. ಒಳಗೆ ಎರಡು ದೊಡ್ಡ ತಿರುಪುಗಳು ಒಂದರೊಳಗೊಂದು ಸೇರಿಕೊಂಡು ತಿರುಗುತ್ತ ಗಾಳಿಯನ್ನು ಹಿಂಡುತ್ತವೆ, ಪಿಸ್ಟನ್ನಿನ ಹಾಗೆ ಬಡಿದಾಟವಿಲ್ಲ. ಪಕ್ಕದಲ್ಲೇ ಗಾಳಿಯ ಪಸೆ ತೆಗೆಯುವ ಡ್ರೈಯರ್. ನೀರು ಬಿಡುವುದೂ ತಾನಾಗಿಯೇ. ಅದರ ಮಗ್ಗುಲಲ್ಲಿ ನಿಂತು ಜಯಲತಾ ಮಾಮೂಲಿ ದನಿಯಲ್ಲಿ ಮಾತಾಡಿದಳು, ಎದುರಿನವನಿಗೆ ಕೇಳಿಸಿತು. ಅವಳಿಗೆ ಆಶ್ಚರ್ಯವಾಯಿತು.

ಆದರೂ ಹೋಟೆಲಿನವನ ಮಗಳು, ಅಷ್ಟಕ್ಕೇ ಮರುಳಾಗಲಿಲ್ಲ. ಯಾವ ಮಿಷಿನ್ ಆದರೂ ಒಂದು ದಿನ ನಿಂತೇ ನಿಲ್ಲುತ್ತದೆ, ನಿಂತ ದಿನ ಬರುವವರು ಯಾರು? ಸ್ಕ್ರೂ ಮಿಷಿನ್ ಮಾರುವ ಮೂರು ಕಂಪನಿಗಳ ಸರ್ವಿಸ್ ನಂಬರ್ ಸಂಪಾದಿಸಿ, ಜಡಿಮಳೆಯ ಒಂದು ದಿನ ಮೂವರಿಗೂ ಫೋನ್ ಮಾಡಿ, ಮಿಷಿನ್ ಬಂದ್ ಬಿದ್ದಿದೆ, ಬೇಗ ಬನ್ನಿ ಎಂದಳು. ಒಬ್ಬರು ಫೋನ್ ಎತ್ತಲಿಲ್ಲ. ಇನ್ನೊಬ್ಬರು ಸೋಮವಾರ ನೋಡೋಣ ಎಂದರು. ಮೂರನೆಯ ಕಂಪನಿಯಿಂದ ಮಾತ್ರ, ರೈಲಿನ ಹಳಿಯ ಮೇಲೆ ನೀರು ನಿಂತಿದ್ದ ಆ ಮಧ್ಯಾಹ್ನ, ಡೊಂಬಿವಲಿಯಿಂದ ಒಬ್ಬ ಎಂಜಿನಿಯರ್ ಮೊಣಕಾಲವರೆಗೆ ಪ್ಯಾಂಟ್ ಮಡಚಿಕೊಂಡು ಚೀಲ ಹೊತ್ತು ಬಂದೇಬಿಟ್ಟ. ಹೆಸರು ಹಿತೇಶ್. ನಮ್ಮವನೇ, ಕಾರ್ಕಳ ಮೂಲ. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ.

“ಆಂಟಿ, ಮಷೀನ್ ಕಿಧರ್ ಹೈ?” ಎಂದ.

“ಇನ್ನೂ ತೆಗೊಂಡಿಲ್ಲ ಮಗಾ,” ಎಂದಳು ಜಯಲತಾ.

ಹಿತೇಶನ ಮುಖ ನೋಡಬೇಕಿತ್ತು. ಸಿಟ್ಟಿನಲ್ಲಿ ಏನೇನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮಾಪಣ್ಣ ಒಣ ಟವಲ್ ತಂದ, ಜಯಲತಾ ಬಿಸಿ ಚಹಾದ ಜೊತೆಗೆ ಮನೆಯಲ್ಲಿ ಮಾಡಿದ ಬಿಸ್ಕುಟ್ ರೊಟ್ಟಿ ಇಟ್ಟಳು. ಎರಡನೆಯ ರೊಟ್ಟಿ ಮುಗಿಯುವ ಹೊತ್ತಿಗೆ ಅವನು ನಗುತ್ತಿದ್ದ. “ಆಪ್ ಜೈಸಾ ಕಸ್ಟಮರ್ ನಹೀ ದೇಖಾ,” ಎಂದ, ಇಂಥ ಗಿರಾಕಿಯನ್ನು ಅವನು ಕಂಡೇ ಇರಲಿಲ್ಲವಂತೆ. ಕೊಳ್ಳುವುದೆಂದು ಜಯಲತಾ ನಿರ್ಧರಿಸಿದ್ದು ಅವನ ಒದ್ದೆ ಬೂಟು ನೋಡಿ.

ಕಷ್ಟ ಇದ್ದದ್ದು ಮನೆಯಲ್ಲಿ.

“ಸ್ಕ್ರೂ ಬೇಡ,” ಎಂದ ಕಮಲಾಕ್ಷ. “ಪಿಸ್ಟನ್ ಆದ್ರೆ ಗಲ್ಲಿಯ ಯಾವ ಮೆಕ್ಯಾನಿಕ್ ಆದ್ರೂ ಬಿಚ್ತಾನೆ. ಇದು ಕೆಟ್ರೆ ನಾನೆಂತ ಹೇಳುದು? ಒಳಗೆ ಎಂತ ಉಂಟು ಅಂತ ನನಗೆ ಗೊತ್ತಿಲ್ಲ.”

“ಕೆಡುದಿಲ್ಲ ಅಂತ ಅಲ್ವಾ ತರುದು?”

ಅವನು ಗೋಡೆಯ ಕಡೆ ನೋಡಿದ. “ನಿನ್ನಿಷ್ಟ,” ಎಂದ. ಗಂಡ ನಿನ್ನಿಷ್ಟ ಎಂದರೆ ಅದು ಒಪ್ಪಿಗೆಯಲ್ಲ ಎಂದು ತಿಳಿಯದ ಹೆಂಡತಿ ಯಾವ ಊರಿನಲ್ಲೂ ಇಲ್ಲ. ತಿಳಿದೂ ಜಯಲತಾ ತಂದಳು.

ಹಳೆಯದನ್ನು ಗುಜರಿಯವನು ಕೈಗಾಡಿಗೆ ಎತ್ತಿಸಿದಾಗ ಮಾಪಣ್ಣ ಟೋಪಿ ತೆಗೆದ. ಹೊಸದನ್ನು ಹಿತೇಶ್ ಪುಡಿ ಹಾರದ ಮೂಲೆಯಲ್ಲಿ ಕೂರಿಸಿದ. ಮುಂದಿನ ಜಾಲರಿಯಿಂದ ತಣ್ಣಗಿನ ಗಾಳಿ ಒಳಗೆ ಹೋಗಿ ಮೇಲಿನಿಂದ ಬಿಸಿಗಾಳಿ ಹೊರಬರಬೇಕು, ದಾರಿಗೆ ಏನೂ ಅಡ್ಡ ಇಡಬೇಡಿ ಎಂದು ಮೂರು ಸಲ ಹೇಳಿದ. ಜಯಲತಾ ಸ್ವಿಚ್ ಒತ್ತಿ, ಗಂಡನಿಗೆ ಫೋನ್ ಮಾಡಿ, ಹತ್ತಿರ ಹಿಡಿದಳು.

“ಶುರು ಮಾಡು,” ಎಂದ ಕಮಲಾಕ್ಷ.

“ಶುರುವಾಗಿ ಆಯ್ತು.”

ಅವನು ಕೇಳುತ್ತಲೇ ಇದ್ದ. “ಫ್ಯಾನ್ ತಿರುಗಿದ ಹಾಗೆ ಉಂಟು,” ಎಂದು ಫೋನ್ ಇಟ್ಟ.

ಕೆಲಸ ಕುದುರಿತು. ಡಬ್ಬಿಗಳು ಕನ್ನಡಿಯ ಹಾಗೆ ಹೊಳೆಯುತ್ತ ಹೊರಬಂದವು, ಪ್ಯಾನಲ್ ಕಂಪನಿಯವರು ಹೆಚ್ಚಿನ ಲಾಟ್ ಕಳಿಸಿದರು. ಮನೆಯಲ್ಲಿ ಮಾತ್ರ ದೀಪ ಸಣ್ಣದಾಯಿತು. ಬೆಳಗಿನ ಫೋನಿಗೆ ಹೇಳಲು ಏನೂ ಇರುತ್ತಿರಲಿಲ್ಲ. “ಸರಿ ಉಂಟು,” ಎಂದು ಇವಳು, “ಹ್ಞೂಂ,” ಎಂದು ಅವನು. ಮೆಲ್ಲಗೆ ಫೋನೂ ನಿಂತಿತು. ಗಡ್ಡ ಬೆಳೆಯಿತು. ಕೈಕಾಲು ಆಡಿಸುವವಳನ್ನು ನಾಳೆ ಬಾ, ನಾಡಿದ್ದು ಬಾ ಎಂದು ತಿರುಗಿ ಕಳಿಸತೊಡಗಿದ. “ಮಮ್ಮಿ, ಪಪ್ಪಾ ಕುಛ್ ಬೋಲ್ತೇ ಹೀ ನಹೀ,” ಎಂದು ಮಾನಸಿ ಒಂದು ದಿನ, ಅಪ್ಪ ಮಾತೇ ಆಡುವುದಿಲ್ಲವೆಂದು, ಅಡುಗೆಮನೆಯಲ್ಲಿ ಅತ್ತಳು. ಒಳ್ಳೆಯ ಮಿಷಿನ್ ಆರಿಸಿದೆ ಎಂದು ಊರೆಲ್ಲ ಹೊಗಳುವಾಗ ಜಯಲತಾಳಿಗೆ ತಾನು ಗಂಡನ ಕೈಯಿಂದ ಊರುಗೋಲು ಕಿತ್ತುಕೊಂಡೆ ಎನಿಸುತ್ತಿತ್ತು.

ದಸರಾ ಬಂತು. ಎಸ್ಟೇಟಿನಲ್ಲಿ ದಸರಾ ಎಂದರೆ ಮಿಷಿನ್‌ಗಳ ಹಬ್ಬ. ಹೊಸ ಮಿಷಿನಿಗೆ ಮೊದಲ ಪೂಜೆ, ದೃಷ್ಟಿ ತಾಗಬಾರದೆಂದು ಮಾಪಣ್ಣ ಠಾಣೆ ಮಾರ್ಕೆಟಿನಿಂದ ತೋಳಿನಷ್ಟು ದಪ್ಪದ ಚೆಂಡುಹೂವಿನ ಮಾಲೆಗಳನ್ನೇ ತಂದ. ಇಬ್ಬರೂ ಸೇರಿ ಕಂಪ್ರೆಸರಿನ ಮುಂಭಾಗವನ್ನೆಲ್ಲ ಮುಚ್ಚಿದರು, ಮೇಲೊಂದು ಹೊಸ ಕೆಂಪು ಬಟ್ಟೆ ಹೊದಿಸಿದರು, ಕಾಯಿ ಒಡೆದರು. ಆಯುಧಕ್ಕೆ ಹಾಕಿದ ಮಾಲೆ ಬಾಡುವವರೆಗೆ ತೆಗೆಯಬಾರದು. ಹಳೆಯ ಕಂಪ್ರೆಸರ್ ಅಂಥ ಎಷ್ಟೋ ಮಾಲೆಗಳನ್ನು ಹೊತ್ತು ಧಡಧಡನೆ ಓಡಿತ್ತು, ಯಾರಿಗೂ ಏನೂ ಅನಿಸಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿ ಮಿಷಿನ್ ನಿಂತಿತು.

“ಬಂದ್ ಬಿತ್ರೀ ಅಕ್ಕೋರ! ಹೊಸಾದು ಬಂದ್ ಬಿತ್ತು!” ಮಾಪಣ್ಣ ಕೂಗಿದ.

ಜಯಲತಾ ಓಡಿ ಬಂದಳು. ಪುಟ್ಟ ಪರದೆಯ ಮೇಲೆ ಶಾಖ ಹೆಚ್ಚಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ನೋಡಿದಳು. ಒಳಗೆ ಎಳೆಯುವ ಗಾಳಿಗೆ ಚೆಂಡುಹೂವುಗಳು ಜಾಲರಿಗೆ ಅಂಟಿಕೊಂಡು ಚಪ್ಪಟೆಯಾಗಿದ್ದವು, ಮೇಲಿನ ಬಾಯಿಗೆ ಕೆಂಪು ಬಟ್ಟೆ. ಹಿತೇಶ್ ಮೂರು ಸಲ ಹೇಳಿದ್ದು ಅವಳಿಗೆ ಒಂದೇ ಸಲಕ್ಕೆ ನೆನಪಾಯಿತು. ಮಾಲೆಗೆ ಕೈ ಹಾಕಿದಳು.

ಹಾಕಿದ ಕೈಯನ್ನು ಹಿಂದೆ ತೆಗೆದಳು. ಸೆರಗಿಗೆ ಒರೆಸಿಕೊಂಡು, ಫೋನ್ ತೆಗೆದು ಮನೆಗೆ ಮಾಡಿದಳು.

“ರೀ, ಮಿಷಿನ್ ನಿಂತಿತು.”

“ಹಿತೇಶನಿಗೆ ಹೇಳು.”

“ಹೇಳಿದೆ. ಅವ ಭಿವಂಡಿಯಲ್ಲಿದ್ದಾನಂತೆ, ಸಂಜೆ ಆಗ್ತದಂತೆ. ಲಾಟ್ ಅರ್ಧಕ್ಕೆ ನಿಂತಿದೆ. ನಂಗೆ ಎಂತ ಮಾಡುದು ಅಂತ ಗೊತ್ತಾಗುದಿಲ್ಲ.”

ಅತ್ತ ಮಂಚ ಕಿರುಗುಟ್ಟಿತು. ಅವನು ಏಳಲು ಹೆಣಗುತ್ತಿದ್ದ.

“ಎಂತ ಬರೆದದ್ದು ಉಂಟು ಅದರಲ್ಲಿ?”

ಹೇಳಿದಳು.

“ಬಿಸಿ ಆಗಿದೆ ಅಂತ. ಮೈ ಮುಟ್ಟಿ ನೋಡು. ಬಿಸಿ ಉಂಟಾ? ಆಯ್ತು. ಬಿಸಿಗಾಳಿ ಹೊರಗೆ ಹೋಗುದು ಎಲ್ಲಿಂದ? ಮೇಲಿನಿಂದಲಾ? ಅಲ್ಲಿ ಎಂತಾದ್ರೂ ಅಡ್ಡ ಉಂಟಾ?” ಅವನ ದನಿ ಏರುತ್ತಿತ್ತು. “ತಡಿ. ನಿನ್ನೆ ಪೂಜೆಗೆ ಎಂತ ಹಾಕಿದ್ರಿ?”

“ಮಾಲೆ. ಮತ್ತೆ ಒಂದು ಬಟ್ಟೆ.”

“ಮಾಲೆ ಎಲ್ಲಿಗೆ ಹಾಕಿದ್ದು?”

“ಮುಂದೆ. ಜಾಲರಿಗೆ.”

ಅತ್ತಲಿಂದ ಕೇಳಿದ್ದು ನಗು. ಎರಡು ವರ್ಷದಿಂದ ಆ ಮನೆಯಲ್ಲಿ ಕೇಳದಿದ್ದ, ಉಸಿರು ಸಿಕ್ಕಿಕೊಂಡು ಕೆಮ್ಮು ಬರುವವರೆಗಿನ ನಗು. “ಅಯ್ಯೋ ದೇವರೇ! ಅದರ ಮೂಗನ್ನೇ ಕಟ್ಟಿದ್ದೀರಲ್ಲ ಮಾರಾಯ್ತಿ! ತೆಗಿ, ತೆಗಿ, ಎಲ್ಲ ತೆಗಿ!”

“ಬಾಡೂ ತನಕ ತೆಗೀಬಾರದ್ರೀ ಅಕ್ಕೋರ, ಅಪಶಕುನ ಆಗ್ತದ,” ಎಂದ ಮಾಪಣ್ಣ.

“ಬಾಗಿಲಿಗೆ ಕಟ್ಲಿಕ್ಕೆ ಹೇಳು ಅವನಿಗೆ! ಲಕ್ಷ್ಮಿ ಬರುದು ಬಾಗಿಲಿನಿಂದ,” ಎಂದು ಕಮಲಾಕ್ಷ ಫೋನಿನಲ್ಲೇ ಗದರಿದ. ಮಾಪಣ್ಣ ಮಾಲೆಗಳನ್ನು ಷಟರಿನ ಮೇಲಕ್ಕೆ ಕಟ್ಟಿದ. ಮಿಷಿನ್ ತಣ್ಣಗಾದ ಮೇಲೆ ಸ್ವಿಚ್ ಒತ್ತಿದರು, ತಿರುಗಿತು.

ಸಂಜೆ ಜಯಲತಾ ಮೆಟ್ಟಿಲು ಹತ್ತಿ ಮನೆಗೆ ಬಂದಾಗ ಕಮಲಾಕ್ಷ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದ. ಗಡ್ಡ ಹೆರೆದಿತ್ತು, ಒಂದೆರಡು ಕಡೆ ಗಾಯವೂ ಆಗಿತ್ತು. ಚೀಲ ಇಟ್ಟು ಚಹಾ ಮಾಡಲು ತಿರುಗಿದಳು.

“ಮಧ್ಯಾಹ್ನ ಹಿತೇಶ ಫೋನ್ ಮಾಡಿದ್ದ,” ಎಂದ ಅವನು. “ದಸರೆಯ ಶುಭಾಶಯ ಹೇಳ್ಲಿಕ್ಕೆ.”

ಜಯಲತಾ ನಿಂತಲ್ಲೇ ನಿಂತಳು.

“ಅವ ಭಿವಂಡಿಗೆ ಹೋಗಲೇ ಇಲ್ಲವಂತೆ. ಅವನಿಗೆ ಇವತ್ತು ನಿನ್ನ ಫೋನೇ ಬರಲಿಲ್ಲವಂತೆ.” ಆಮೇಲೆ ಕೇಳಿದ, “ಮಾಲೆ ನೀನು ಮೊದಲೇ ನೋಡಿದ್ದಿ ಅಲ್ವಾ ಜಯಾ?”

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಲಕ್ವ ಹೊಡೆದ ದಿನದಿಂದ ಈ ಮನುಷ್ಯ ಸಹಿಸದಿದ್ದದ್ದು ಒಂದೇ, ಕನಿಕರ. ನೀರು ಕುಡಿಸಲು ಬಂದ ಸ್ವಂತ ತಮ್ಮನ ಕೈಯಿಂದ ಲೋಟ ತಳ್ಳಿದವನು. ಇವತ್ತು ಸಿಕ್ಕಿದ ನಗುವನ್ನೂ ತಾನೇ ಕೊಂದೆನಲ್ಲ ಎಂದು ಅವಳ ಕಣ್ಣಲ್ಲಿ ನೀರು ಬಂತು.

“ನೋಡಿದ್ದೆ,” ಎಂದಳು.

“ನಾಳೆಯಿಂದ ಮಿಷಿನ್ ಹೆಸರು ಹೇಳಿ ನಂಗೆ ಫೋನ್ ಮಾಡ್ಬೇಡ.”

“ಆಯ್ತು.”

“ಸುಮ್ನೆ ಮಾಡು,” ಎಂದ ಕಮಲಾಕ್ಷ, ಕಿಟಕಿಯ ಹೊರಗೆ ನೋಡುತ್ತ.

ಮರುದಿನ ಗಾಳಾ ತೆರೆದು, ಕೆಲಸ ಹಚ್ಚಿ, ಜಯಲತಾ ಹೊರಗಿನ ಕಟ್ಟೆಯ ಮೇಲೆ ಕುಳಿತು ಮನೆಗೆ ಫೋನ್ ಮಾಡಿದಳು. ಅವನು ಎತ್ತಿದ. ಇಬ್ಬರಿಗೂ ಏನು ಮಾತಾಡುವುದೆಂದು ತಿಳಿಯಲಿಲ್ಲ. ಮದುವೆಯಾದಂದಿನಿಂದ ನಡುವೆ ಒಂದು ಕಂಪ್ರೆಸರ್ ಇತ್ತು, ಅದಿಲ್ಲದೆ ಮಾತಾಡಿ ಅಭ್ಯಾಸವೇ ಇರಲಿಲ್ಲ. ಅವಳು ಅವನ ಉಸಿರು ಕೇಳುತ್ತ ಕುಳಿತಳು, ಅವನು ಅವಳದ್ದು.

“ಊಟ ಆಯ್ತಾ?” ಎಂದು ಕಡೆಗೆ ಕಮಲಾಕ್ಷನೇ ಕೇಳಿದ.

ಇಬ್ಬರೂ ಒಟ್ಟಿಗೆ ತಿಂದ ಬೆಳಗಿನ ತಿಂಡಿಯ ಪಾತ್ರೆಯನ್ನು ತೊಳೆದಿಟ್ಟು ಬಂದು ಇನ್ನೂ ಒಂದು ತಾಸಾಗಿರಲಿಲ್ಲ.

“ಆಯ್ತು,” ಎಂದಳು ಜಯಲತಾ. “ನಿಮ್ಮದು?”